ರಿಚ್‌ಮಂಡ್ ರೋಡ್ ಶಕೀರಾ ಕೇಸಿನ ಡಾಕ್ಯುಮೆಂಟರಿ: ಕೊನೇಗೆ ಅವನ ಕೈಗೇ ಮೈಕ್ ಕೊಟ್ಟಿದ್ದು ಸರಿನಾ?

ಕಾಫಿಪುಡಿ (ಪೋಸ್ಟ್ ಹಾಕಿದವರು)

ನಾನು ತುಂಬಾ ಲೇಟು. ಪ್ರೈಮ್‌ನಲ್ಲಿ 2023ರ ಏಪ್ರಿಲ್‌ನಲ್ಲೇ ಬಂದಿತ್ತಂತೆ, ಡ್ಯಾನ್ಸಿಂಗ್ ಆನ್ ದಿ ಗ್ರೇವ್, ನಾಲ್ಕು ಎಪಿಸೋಡು. ನಿನ್ನೆ ಅಮ್ಮನ ಜೊತೆ ಒಂದೇ ಏಟಿಗೆ ನೋಡ್ಬಿಟ್ಟೆ. ಅಮ್ಮಂಗೆ ಇಂಗ್ಲಿಷ್ ಹಿಂದಿ ಎರಡೂ ಅಷ್ಟಕ್ಕಷ್ಟೆ, ನಾನೇ ಪಕ್ಕದಲ್ಲಿ ಕೂತು ಕನ್ನಡದಲ್ಲಿ ಹೇಳ್ತಾ ಹೋದೆ, ಅರ್ಧಕ್ಕೆ ಬಂದ್ಮೇಲೆ ಅಮ್ಮನೇ ನನಗೆ ಹೇಳೋಕೆ ಶುರು ಮಾಡಿದ್ರು. ಆಗ ಪೇಪರ್‌ನಲ್ಲಿ ದಿನಾ ಬರ್ತಿತ್ತಂತೆ.

ನೋಡದೇ ಇದ್ದವರಿಗೆ: ಶಕೀರಾ ಖಲೀಲಿ ಅಂದ್ರೆ ಮೈಸೂರು ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್ ಅವರ ಮೊಮ್ಮಗಳು. ಗಂಡ ವಿದೇಶಾಂಗ ಸೇವೆಯ ದೊಡ್ಡ ಅಧಿಕಾರಿ, ನಾಲ್ಕು ಜನ ಹೆಣ್ಮಕ್ಕಳು, ಬೆಂಗಳೂರಿನ ನಟ್ಟನಡುವೆ ಬಂಗಲೆ, ಅದು ಬಿಟ್ಟು ಬೇಕಾದಷ್ಟು ಜಮೀನು. ಡೈವೋರ್ಸ್ ಆಗಿ 1986ರಲ್ಲಿ ಮುರಳಿ ಮನೋಹರ ಮಿಶ್ರಾ ಅಲಿಯಾಸ್ ಸ್ವಾಮಿ ಶ್ರದ್ಧಾನಂದ ಅನ್ನೋವ್ನನ್ನ ಮದುವೆ ಆಗ್ತಾರೆ. 1991ರಲ್ಲಿ ಕಾಣೆ. 1994ರಲ್ಲಿ ಅದೇ ಮನೆ ಅಂಗಳದ ಕಲ್ಲುಹಾಸಿನ ಕೆಳಗೆ, ಮರದ ಪೆಟ್ಟಿಗೆಯೊಳಗೆ ಸಿಗ್ತಾರೆ. ಅಷ್ಟು ವರ್ಷ ಅವನು ಅದೇ ಮನೇಲಿ ಇದ್ದ, ಅದೇ ಅಂಗಳದಲ್ಲಿ ಪಾರ್ಟಿ ಕೊಡ್ತಿದ್ದ. ಹೆಸರು ಅದಕ್ಕೇ ಹಾಗಿಟ್ಟಿರೋದು.

ನನ್ನ ತಕರಾರು ಕಡೇ ಭಾಗದ್ದು. ಮೊದಲೆಲ್ಲ ಅವರ ಕಥೆ ಹೇಳ್ಕೊಂಡು ಬಂದು, ಕಡೇಗೆ ಜೈಲಲ್ಲಿರೋ ಅವನಿಗೇ ಮೈಕ್ ಕೊಟ್ಟು ‘ನಾನು ಕೊಂದಿಲ್ಲ’ ಅಂತ ಆರಾಮಾಗಿ ಹೇಳೋಕೆ ಬಿಟ್ಟಿದ್ದಾರೆ. ಅಮ್ಮ ರಿಮೋಟ್ ಕಿತ್ಕೊಂಡು ಸೌಂಡ್ ಕಮ್ಮಿ ಮಾಡಿದ್ರು. ನಿಮಗೆಲ್ಲ ಏನನ್ಸ್ತು?

ಬಸವನಗುಡಿ ಬೋರೇಗೌಡ

ಅಮ್ಮಂಗೆ ನನ್ನ ನಮಸ್ಕಾರ ಹೇಳಿ.

ಸೈಟು ಸಂಕಟ

ಎರಡನೇ ಎಪಿಸೋಡಿಗೇ ನಿಲ್ಸಿದೀನಿ ಸ್ಪಾಯ್ಲರ್ ಹಾಕ್ಬೇಡಿ ಅನ್ನೋಣ ಅಂತ ಬಂದೆ, ಆಮೇಲೆ ನೆನಪಾಯ್ತು 30 ವರ್ಷದ ಹಿಂದಿನ ಸುದ್ದಿಗೆ ಎಂಥಾ ಸ್ಪಾಯ್ಲರ್ರು.

ಮಂಗ್ಳೂರು ಬಂಗುಡೆ

ನಾನು ರಾತ್ರಿ ಒಬ್ಬಳೇ ನೋಡಿದ್ದು ಮಾರಾಯ್ರೆ, ದೊಡ್ಡ ತಪ್ಪು. ಹೆಣ ಸಿಕ್ಕಿದ್ದಕ್ಕಿಂತ ಆ ತಯಾರಿ ಉಂಟಲ್ಲ, ಅದೇ ಹೆದರಿಕೆ ಆದದ್ದು. ಬಡಗಿ ಹತ್ರ ಚಕ್ರ ಇರುವ ಪೆಟ್ಟಿಗೆ ಮಾಡಿಸಿದ್ದು, ಮಲಗುವ ಕೋಣೆಯ ಹಿಂದೆ ಗುಂಡಿ ತೋಡಿಸಿದ್ದು, ಪೆಟ್ಟಿಗೆ ಹೊರಗೆ ತಳ್ಳಲಿಕ್ಕೆ ಗೋಡೆ ಒಡೆಸಿದ್ದು. ಆ ಹೆಂಗಸು ಅದೇ ಮನೆಯಲ್ಲಿ ಓಡಾಡಿಕೊಂಡಿದ್ರು ಆಗ! ಏನೋ ರಿಪೇರಿ ಕೆಲಸ ಅಂತ ಗ್ರಹಿಸಿರಬೇಕು ಪಾಪ. ನಮ್ಮ ಮನೆಯಲ್ಲಿ ಮೊನ್ನೆ ಬಚ್ಚಲಿನ ಪೈಪಿಗೆ ಅಗೆಯುವಾಗ ನಾನು ಎರಡು ಸಲ ಹೋಗಿ ನೋಡಿ ಬಂದೆ.

ಧಾರವಾಡ ಫೇಡೆ

ಅಲ್ರೀ, ಒಂದ ಮಾತು ಕೇಳ್ತೀನಿ ಸಿಟ್ಟಾಗಬ್ಯಾಡ್ರಿ. ಅಷ್ಟ ಓದಿದ ಹೆಣಮಗಳು, ಅಷ್ಟ ದೊಡ್ಡ ಮನೆತನ, ನಾಕು ಮಕ್ಕಳ ತಾಯಿ, ಯಾರೋ ಒಬ್ಬ ಸ್ವಾಮಿ ಅಂತ ಹೇಳ್ಕೊಂಡ ಬಂದಾವನ್ನ ಮನಿಯೊಳಗ ಕರ್ಕೊಂಡು, ಗಂಡನ್ನ ಬಿಟ್ಟು ಅವನ್ನ ಲಗ್ನ ಆಗೋದು ಅಂದ್ರ? ಗಂಡು ಮಗು ಬೇಕಂತಿದ್ಲು, ಇಂವ ಪೂಜಿ ಮಾಡಿ ಕೊಡಸ್ತೀನಿ ಅಂದಿದ್ದ ಅಂತ ಓದೀನಿ. ರೊಕ್ಕ ಇದ್ದವರಿಗೆ ತಲಿ ಇರೂದಿಲ್ಲ ಅನ್ನೂದು ಇದಕ್ಕ.

ಕಾಫಿಪುಡಿ

ಶುರುವಾಯ್ತು. ಇನ್ನೂ ಯಾರೂ ಹೇಳಿಲ್ವಲ್ಲ ಅಂತ ಕಾಯ್ತಾ ಇದ್ದೆ.

ಹುಣಸೆಮರ

@ಧಾರವಾಡ ಫೇಡೆ ಸಿಟ್ಟಾಗ್ತೀನಿ ಕಣ್ರಿ. ಆ ಗಂಡು ಮಗುವಿನ ಕಥೆ ಆಗಿನ ಪತ್ರಿಕೆಗಳಲ್ಲಿ ಎಷ್ಟು ಸಲ ಬಂತು ಅಂದ್ರೆ ಈಗ ಎಲ್ಲರಿಗೂ ಅದೇ ಬಾಯಿಪಾಠ. ಅವರ ಮನಸ್ಸಲ್ಲಿ ಏನಿತ್ತು ಅಂತ ಹೇಳೋಕೆ ಅವರಂತೂ ಉಳಿದಿಲ್ಲ. ಕೋರ್ಟು ತೀರ್ಪಲ್ಲಿ ಇರೋದು ಬೇರೆ, ಅದು ಬಹಳ ಸಾದಾ ವಿಷಯ: ಜಮೀನಿನ ತೊಂದರೆ. 1983ರ ಹೊತ್ತಿಗೆ ರಾಂಪುರದ ನವಾಬರ ಮನೆಯವರ ಮೂಲಕ ದೆಹಲಿಯಲ್ಲಿ ಪರಿಚಯ ಆಗಿದ್ದು, ಇವನು ಅವರ ಆಸ್ತಿ ವ್ಯವಹಾರ ನೋಡ್ಕೊತಿದ್ದೋನು, ಅಂಥಾ ಕೆಲಸದಲ್ಲಿ ಪಳಗಿದಾನೆ ಅಂತ ಹೇಳಿದ್ರು. ಇಲ್ಲಿ ಶಕೀರಾ ಅವರಿಗೆ ನಗರ ಭೂಮಿತಿ ಕಾಯ್ದೆ (ಸಿಟೀಲಿ ಒಬ್ಬರು ಇಷ್ಟಕ್ಕಿಂತ ಜಾಸ್ತಿ ಖಾಲಿ ಜಾಗ ಇಟ್ಕೊಳ್ಳಂಗಿಲ್ಲ ಅನ್ನೋದು) ತಲೆನೋವು. ಗಂಡ ಆಗ ಇರಾನಲ್ಲಿ. ಅದಕ್ಕೆ ಬೆಂಗಳೂರಿಗೆ ಬಾ ಅಂದ್ರು. ನೀವಾದ್ರೂ ಅಷ್ಟೆ, ಗೊತ್ತಿರೋ ದೊಡ್ಡ ಮನೆಯವರು ‘ಇವನು ನಂಬಿಗಸ್ಥ’ ಅಂದ್ರೆ ನಂಬ್ತೀರ. ಸ್ವಾಮಿ ಮಾಟಕ್ಕೆ ಮರುಳಾದ್ಳು ಅನ್ನೋದು ಕಥೆ ಮಾರೋಕೆ ಚೆನ್ನಾಗಿದೆ ಅಷ್ಟೆ.

ಧಾರವಾಡ ಫೇಡೆ

ಭೂಮಿತಿ ಕಾಯ್ದೆ ವಿಷಯ ನಂಗ ಗೊತ್ತಿರ್ಲಿಲ್ಲ, ಖರೆ. ಆದ್ರೂ ಮ್ಯಾನೇಜರ್ ಅಂತ ಇಟ್ಕೋಬೇಕು, ಲಗ್ನ ಯಾಕ?

ಹುಣಸೆಮರ

ಅದು ಅವರಿಷ್ಟ ರೀ. 40 ಆದ ಹೆಂಗಸು ಯಾರನ್ನ ಮದುವೆ ಆಗ್ಬೇಕು ಅಂತ ನಿಮ್ಮನ್ನ ಕೇಳ್ಬೇಕಿತ್ತಾ. ಸಾಯಿಸಿದವನು ಯಾಕೆ ಸಾಯಿಸ್ದ ಅನ್ನೋದು ಬಿಟ್ಟು ಸತ್ತವರು ಯಾಕೆ ಮದುವೆ ಆದ್ರು ಅನ್ನೋದೇ 30 ವರ್ಷದಿಂದ ಚರ್ಚೆ.

ಸಂಜೆ ಶಿಫ್ಟು

ಶ್ರದ್ಧಾನಂದ ಅಂದ್ರೆ ಆರ್ಯ ಸಮಾಜದವರಲ್ವಾ? ಅವರನ್ನ ದೆಹಲಿಯಲ್ಲಿ ಗುಂಡಿಟ್ಟು ಕೊಂದಿದ್ದು ಅಂತ ಓದಿದ್ದೆ, ಇವರು ಕೊಲೆ ಮಾಡಿದ್ರಾ, ಕನ್‌ಫ್ಯೂಸ್

ನಿವೃತ್ತ ಗುಮಾಸ್ತ

ಸಂಜೆ ಶಿಫ್ಟು ಅವರೇ, ಅವರು ಬೇರೆ, ಇವನು ಬೇರೆ. ಆರ್ಯ ಸಮಾಜದ ಸ್ವಾಮಿ ಶ್ರದ್ಧಾನಂದರು 1926ರಲ್ಲೇ ಹತರಾದರು. ದಯವಿಟ್ಟು ಆ ಪುಣ್ಯಾತ್ಮರನ್ನು ಇಲ್ಲಿಗೆ ಎಳೆಯಬೇಡಿ. ಇವನು ಯಾವ ಮಠಕ್ಕೂ ಸೇರಿದವನಲ್ಲ, ಹೆಸರಿನ ಮುಂದೆ ತಾನೇ ಅಂಟಿಸಿಕೊಂಡಿದ್ದು. ಸ್ಪೆಷಲ್ ಮ್ಯಾರೇಜ್ ಕಾಯ್ದೆಯಲ್ಲಿ ರಿಜಿಸ್ಟರ್ ಮದುವೆ ಆದವನು ಸ್ವಾಮಿ ಹೇಗಾಗುತ್ತಾನೆ?

ನಾನು ಆಗ ಶಾಂತಿನಗರದ ಕಡೆ ಬಾಡಿಗೆಗಿದ್ದೆ. ದಿನಾ ಸೈಕಲ್‌ನಲ್ಲಿ ರಿಚ್‌ಮಂಡ್ ರಸ್ತೆ ದಾಟಿಕೊಂಡು ಆಫೀಸಿಗೆ ಹೋಗುತ್ತಿದ್ದೆ. ಆಗಿನ ರಿಚ್‌ಮಂಡ್ ರಸ್ತೆ ಅಂದರೆ ಈಗಿನ ಹಾಗೆ ಹಾರನ್ ಇಲ್ಲ. ಎತ್ತರದ ಕಾಂಪೌಂಡು, ಒಳಗೆ ಮರಗಳು, ಗೇಟಿಂದ ಮನೆಯೇ ಕಾಣುತ್ತಿರಲಿಲ್ಲ. ಒಳಗೆ ಯಾರಿದ್ದಾರೆ ಅಂತ ನಮ್ಮಂಥವರಿಗೆ ಕುತೂಹಲವೂ ಇರಲಿಲ್ಲ. 94ರಲ್ಲಿ ಸುದ್ದಿ ಬಂದ ದಿನ ನಮ್ಮ ಸೆಕ್ಷನ್ನಿನಲ್ಲಿ ಯಾರೂ ಒಂದು ಫೈಲೂ ಮುಟ್ಟಲಿಲ್ಲ. ಎಲ್ಲರೂ ಒಬ್ಬರ ಪೇಪರನ್ನೇ ಬಗ್ಗಿಕೊಂಡು ಓದುತ್ತಿದ್ದೆವು. ‘ಮಿರ್ಜಾ ಸಾಹೇಬರ ಮೊಮ್ಮಗಳಿಗೆ ಹೀಗಾಗಬೇಕೆ’ ಅಂತ ನಮ್ಮ ಸೂಪರಿಂಟೆಂಡೆಂಟರು ಕನ್ನಡಕ ತೆಗೆದು ಒರೆಸಿಕೊಂಡರು. ಅವರು ಮೈಸೂರಿನವರು. ಬೃಂದಾವನ ಅಂದರೆ ಮಿರ್ಜಾ, ಮಿರ್ಜಾ ಅಂದರೆ ಬೃಂದಾವನ ಅನ್ನುವ ಕಾಲದವರು.

ಜೈಪುರದಲ್ಲಿರೋ ಕನ್ನಡಿಗ

ಇಲ್ಲಿ ಊರಿನ ದೊಡ್ಡ ರಸ್ತೆ ಹೆಸರೇ ಎಂ.ಐ. ರೋಡ್, ಮಿರ್ಜಾ ಇಸ್ಮಾಯಿಲ್ ರೋಡ್. ಮೈಸೂರು ಬಿಟ್ಟ ಮೇಲೆ ಇಲ್ಲೂ ದಿವಾನರಾಗಿದ್ರು. ಆಟೋದವರಿಗೆ ‘ಅವರು ನಮ್ಮೂರಿನವರು’ ಅಂದ್ರೆ ‘ಅಚ್ಛಾ’ ಅಂತಾರೆ, ಮೀಟರ್ ಮಾತ್ರ ಹಾಕಲ್ಲ.

ಬಸವನಗುಡಿ ಬೋರೇಗೌಡ

😂 ಮೀಟರ್ ಹಾಕಲ್ಲ ಅಂದ್ಮೇಲೆ ನಮ್ಮೂರಿನವರೇ ಬಿಡಿ

ಮಲ್ನಾಡ್ ಮಾಣಿ

ನನಗೆ ತಲೆ ಕೆಟ್ಟಿದ್ದು ಪೊಲೀಸರ ವಿಷಯಕ್ಕೆ. ಮಗಳು 1992ರಲ್ಲೇ ಅಶೋಕನಗರ ಸ್ಟೇಷನ್ನಿಗೆ ಹೋಗಿ ಅಮ್ಮ ಕಾಣ್ತಿಲ್ಲ ಅಂತ ದೂರು ಕೊಡ್ತಾಳೆ. ಹೆಣ ಸಿಗೋದು 94ಕ್ಕೆ. ಎರಡು ವರ್ಷ! ಅವನೇನು ತಲೆ ಮರೆಸ್ಕೊಂಡಿರ್ಲಿಲ್ಲ, ಅದೇ ಮನೇಲಿ ಕಾಲಮೇಲೆ ಕಾಲು ಹಾಕ್ಕೊಂಡು ಕೂತಿದ್ದ. ಹೋದವರಿಗೆಲ್ಲ ಟೀ ಕೊಟ್ಟು ಕಳ್ಸಿರ್ತಾನೆ. ಕಡೆಗೆ ಕೇಸು ಸಿಸಿಬಿಗೆ, ಅಂದ್ರೆ ಪೊಲೀಸರ ಅಪರಾಧ ವಿಭಾಗಕ್ಕೆ, ಹೋದ್ಮೇಲೆ ಬಯಲಿಗೆ ಬಿದ್ದಿದ್ದು. ಒಬ್ಬ ಪೇದೆ ಆ ಮನೆ ಆಳಿಗೆ ಕುಡಿಸಿ ಬಾಯಿ ಬಿಡಿಸಿದ್ರು ಅಂತ ಆಗಿನಿಂದ ಹೇಳ್ತಾರೆ. ದೊಡ್ಡ ದೊಡ್ಡ ಸಾಹೇಬ್ರಿಗೆಲ್ಲ ಆಗದೇ ಇದ್ದಿದ್ದು ಒಂದು ಕ್ವಾರ್ಟರ್‌ಗೆ ಆಯ್ತು.

ಫ್ರೀಮಾಂಟ್ ಕನ್ನಡತಿ

ಮಗಳ ಭಾಗ ನೋಡಿ ಅತ್ಬಿಟ್ಟೆ. ಅಮ್ಮ ಎಲ್ಲಿ ಅಂತ ಕೇಳಿದಾಗಲೆಲ್ಲ ಅವನದ್ದು ಒಂದೊಂದು ಕಥೆ. ಹೈದರಾಬಾದಿಗೆ ಹೋಗಿದಾರೆ, ಕಛ್‌ಗೆ ಹೋಗಿದಾರೆ, ಬಸುರಿ ಆಗಿದಾರೆ ಅಮೆರಿಕದಲ್ಲಿ ಆಸ್ಪತ್ರೆಗೆ ಸೇರ್ಸಿದೀವಿ. ಆ ಹುಡುಗಿ ಅಮೆರಿಕದ ಆಸ್ಪತ್ರೆವರೆಗೂ ವಿಚಾರಿಸಿ, ಆ ಹೆಸರಿನವರು ಇಲ್ಲಿ ಯಾರೂ ಇಲ್ಲ ಅಂತ ತಿಳ್ಕೊಂಡ್ಳು. ಆಮೇಲೆ ಮುಂಬೈ ಹೋಟೆಲ್ ರೂಮಲ್ಲಿ ಅವನ ಸಾಮಾನಿನ ಮಧ್ಯೆ ಅಮ್ಮನ ಪಾಸ್‌ಪೋರ್ಟ್ ಕಣ್ಣಿಗೆ ಬಿತ್ತು. ಪಾಸ್‌ಪೋರ್ಟ್ ಇಲ್ಲೇ ಇದ್ರೆ ಅಮ್ಮ ಅಮೆರಿಕಕ್ಕೆ ಹೇಗೆ ಹೋದ್ರು?

ನಾನು ಇಲ್ಲಿಗೆ ಬಂದು 11 ವರ್ಷ. ಅಮ್ಮ ಎರಡು ದಿನ ಫೋನ್ ತೆಗೀದಿದ್ರೆ ಪಕ್ಕದ್ಮನೆ ಆಂಟಿಗೆ ಮಾಡ್ತೀನಿ. ಈ ಹುಡುಗೀಗೆ ಆ ಕಾಲದಲ್ಲಿ ಇದ್ದಿದ್ದು ಟ್ರಂಕ್‌ಕಾಲು ಎಸ್‌ಟಿಡಿ ಬೂತು, ಫೋನ್ ಎತ್ತೋನೂ ಅವನೇ.

ಮಂಗ್ಳೂರು ಬಂಗುಡೆ

ಪಾಸ್‌ಪೋರ್ಟ್ ನೋಡಿಯೂ ಅವನ ಎದುರು ಮುಖದಲ್ಲಿ ತೋರಿಸದೆ ಇದ್ದಿರಬೇಕಲ್ಲ ಅವಳು. ನಾನಾಗಿದ್ರೆ ಅಲ್ಲೇ ಕಿರುಚಿ ಅವನು ನನ್ನನ್ನೂ ಎಂತದಾದ್ರೂ ಮಾಡ್ತಿದ್ದ.

ಮಲ್ನಾಡ್ ಮಾಣಿ

ಮದುವೆ ಆದ್ಮೇಲೆ ನೆಂಟರಿಷ್ಟರೆಲ್ಲ ದೂರ ಆಗಿದ್ರು, ಸಂಪರ್ಕ ಇಟ್ಕೊಂಡಿದ್ದು ಆ ಒಬ್ಬ ಮಗಳು ಮಾತ್ರ ಅಂತ ಗಮನಿಸಿದ್ರಾ? ಅವನಿಗೆ ಬೇಕಾಗಿದ್ದೂ ಅದೇ. ‘ನಮ್ಮ ಮಾತು ಕೇಳ್ಲಿಲ್ಲ, ಇನ್ಮೇಲೆ ನಮಗೂ ನಿನಗೂ ಸಂಬಂಧ ಇಲ್ಲ’ ಅಂತ ನಮ್ಮೂರಲ್ಲೂ ಎಷ್ಟು ಮನೇಲಿ ಅಂದ್ಬಿಡ್ತಾರೆ. ಆಮೇಲೆ ಆ ಹುಡುಗಿ ಎಲ್ಲಿದಾಳೆ ಹೇಗಿದಾಳೆ ಕೇಳೋರಿಲ್ಲ. ನಮ್ಮ ದೊಡ್ಡಮ್ಮನ ಮಗಳಿಗೆ ಹೀಗೇ ಆಯ್ತು, ಕೊಲೆ ಗಿಲೆ ಏನಿಲ್ಲ, ಆದ್ರೆ ಆರು ವರ್ಷ ಗಂಡನ ಕೈಲಿ ಏಟು ತಿಂದಿದ್ದು ನಮಗೆ ಗೊತ್ತಾಗಿದ್ದೇ ಯಾವುದೋ ಮದುವೇಲಿ ಸಿಕ್ಕಾಗ.

ವಕೀಲಮ್ಮ

ಎಲ್ಲರೂ ಸ್ವಾಮಿ, ಮಾಟ, ಪ್ರೇಮ ಅಂತಿದೀರಿ. ನಾನು ಈ ಕೇಸನ್ನ ಕಾಲೇಜಲ್ಲಿ ಓದಿದ್ದು, ನನಗೆ ಇದು ಮೊದಲಿಂದ ಕೊನೇವರೆಗೂ ಒಂದು ಕಾಗದದ ಕೇಸು. ಅವರು ಅವನ ಹೆಸರಿಗೆ ಜನರಲ್ ಪವರ್ ಆಫ್ ಅಟಾರ್ನಿ (ಜಿಪಿಎ, ಅವರ ಪರವಾಗಿ ವ್ಯವಹಾರ ಮಾಡಿ ಸಹಿ ಹಾಕೋ ಅಧಿಕಾರ) ಬರ್ಕೊಟ್ಟಿದ್ರು, ಜೊತೆಗೆ ವಿಲ್ಲು, ಜಂಟಿ ಲಾಕರು. ಈಗ ಕೇಳಿ. ಜಿಪಿಎ ಅನ್ನೋದು ಕೊಟ್ಟವರ ಉಸಿರಿರೋವರೆಗೆ ಮಾತ್ರ. ಕೊಟ್ಟವರು ಸತ್ತ ಕ್ಷಣಕ್ಕೆ ಅದು ರದ್ದಿ ಕಾಗದ, ಕಾಂಟ್ರಾಕ್ಟ್ ಕಾಯ್ದೆ 201ನೇ ಸೆಕ್ಷನ್. ವಿಲ್ಲು ತದ್ವಿರುದ್ಧ, ಸತ್ತ ಮೇಲೇ ಅದಕ್ಕೆ ಜೀವ. ಆದ್ರೆ ವಿಲ್ಲು ಹೊರಗೆ ತೆಗೆದ್ರೆ ‘ಹೇಗೆ ಸತ್ರು, ಎಲ್ಲಿ ಸತ್ರು, ಮಣ್ಣು ಎಲ್ಲಾಯ್ತು’ ಅಂತ ನೂರು ಪ್ರಶ್ನೆ, ನಾಲ್ಕು ಜನ ಮಕ್ಕಳು ಕೋರ್ಟಿಗೆ ಬರ್ತಾರೆ. ಹಾಗಾಗಿ ಅವನಿಗೆ ಅವರು ಮಣ್ಣಲ್ಲಿ ಸತ್ತಿರ್ಬೇಕು, ಕಾಗದದಲ್ಲಿ ಬದುಕಿರ್ಬೇಕು. ಹೈದರಾಬಾದು, ಕಛ್, ಅಮೆರಿಕ ಅಂತೆಲ್ಲ ಕಥೆ ಕಟ್ಟಿದ್ದು ಮಗಳಿಗೆ ಮಾತ್ರ ಅಲ್ಲ. ಅವರು ಎಲ್ಲೋ ಇದಾರೆ ಅಂತ ಇರೋವರೆಗೂ ಅವನ ಸಹಿ ನಡೆಯತ್ತೆ. ಅವರು ಸತ್ತ ಮೇಲೂ ಅದೇ ಜಿಪಿಎ ಇಟ್ಕೊಂಡು ಆಸ್ತಿ ಮಾರಿದ್ದಾನೆ.

ಡಾಕ್ಯುಮೆಂಟರಿಯವರು ಡ್ರೋನ್ ಹಾರ್ಸೋ ಟೈಮಲ್ಲಿ ಐದು ನಿಮಿಷ ಇದನ್ನ ಹೇಳಬಹುದಿತ್ತು.

ಕಾಫಿಪುಡಿ

ಅಯ್ಯೋ ದೇವರೇ. ಇದು ನನಗೆ ಹೊಳೆದೇ ಇರ್ಲಿಲ್ಲ.

ಧಾರವಾಡ ಫೇಡೆ

ವಕೀಲಮ್ಮ ಅವರ, ನೀವ ಹೇಳಿದ್ದ ಓದಿ ಮೈ ಜುಂ ಅಂತು. ‘ಮಣ್ಣಾಗ ಸತ್ತಿರ್ಬೇಕು, ಕಾಗದದಾಗ ಬದುಕಿರ್ಬೇಕು’. ನಾ ಮೊದಲ ಬರದಿದ್ದು ವಾಪಸ್ ತಗೋತೀನ್ರೀ. ಪೂರಾ ಅಲ್ಲ, ಅರ್ಧ.

ಹುಣಸೆಮರ

ಅರ್ಧನಾದ್ರೂ ತಗೊಂಡ್ರಲ್ಲ, ಥ್ಯಾಂಕ್ಸ್ 🙏

ಸೈಟು ಸಂಕಟ

ವಕೀಲಮ್ಮ ಮೇಡಂ ಒಂದು ಡೌಟು, ಟಾಪಿಕ್ ಬಿಟ್ಟು ಕೇಳ್ತಿದೀನಿ ಬೈಕೋಬೇಡಿ. ನಮ್ಮಜ್ಜಿ ಹೆಸರಲ್ಲಿ ಕನಕಪುರ ರೋಡ್ ಕಡೆ ಒಂದು 30/40 ಇತ್ತು, ಅಜ್ಜಿಗೆ ಓಡಾಡೋಕೆ ಆಗಲ್ಲ ಅಂತ ಚಿಕ್ಕಪ್ಪನ ಹೆಸರಿಗೆ ಜಿಪಿಎ ಮಾಡ್ಸಿದ್ರು. ಅಜ್ಜಿ ತೀರ್ಕೊಂಡಿದ್ದು 2019ರಲ್ಲಿ. ಚಿಕ್ಕಪ್ಪ ಸೈಟು ಮಾರಿದ್ದು ಯಾವಾಗ ಅಂತ ಸರಿಯಾಗಿ ಗೊತ್ತಿಲ್ಲ, ಅಪ್ಪ ‘ಅಣ್ಣತಮ್ಮಂದಿರ ಮಧ್ಯೆ ಅದೆಲ್ಲ ಯಾಕೆ’ ಅಂತಾರೆ. ಅಜ್ಜಿ ಹೋದ್ಮೇಲೆ ಮಾರಿದ್ರೆ ಅದು ನಡಿಯತ್ತಾ?

ವಕೀಲಮ್ಮ

ಸಾಮಾನ್ಯವಾಗಿ ಇಲ್ಲ. ಜಿಪಿಎ ಹೇಗೆ ಬರೆದಿದೆ, ಆಗ ದುಡ್ಡೇನಾದ್ರೂ ಕೈ ಬದಲಾಗಿತ್ತಾ ಅನ್ನೋದನ್ನೂ ನೋಡ್ಬೇಕಾಗತ್ತೆ. ಮೊದಲು ಎರಡು ಕೆಲಸ ಮಾಡಿ: ಇಸಿ (ಋಣಭಾರ ಪತ್ರ, ಆ ಆಸ್ತಿ ಮೇಲೆ ರಿಜಿಸ್ಟರ್ ಆದ ವ್ಯವಹಾರಗಳ ಪಟ್ಟಿ) ತೆಗೆಸಿ, ಕ್ರಯಪತ್ರದ ತಾರೀಖು ಅದರಲ್ಲಿ ಸಿಗತ್ತೆ. ಅಜ್ಜಿಯ ಮರಣ ಪ್ರಮಾಣಪತ್ರ ತೆಗೀರಿ. ಎರಡನ್ನೂ ಪಕ್ಕ ಪಕ್ಕ ಇಡಿ. ಆಮೇಲೆ ನಿಮ್ಮೂರಲ್ಲೇ ಒಬ್ಬ ವಕೀಲರನ್ನ ನೋಡಿ, ನಾನು ಇಲ್ಲಿ ಹೇಳಿದ್ದನ್ನ ಹಿಡ್ಕೊಂಡು ಚಿಕ್ಕಪ್ಪನ ಮನೆ ಬಾಗಿಲು ಬಡೀಬೇಡಿ.

ಬಸವನಗುಡಿ ಬೋರೇಗೌಡ

ಬೆಂಗಳೂರಲ್ಲಿ ಅರ್ಧ ಊರೇ ಜಿಪಿಎ ಮೇಲೆ ನಿಂತಿದೆ ಮೇಡಂ. ನಮ್ಮ ಲೇಔಟಲ್ಲಿ ರೆವಿನ್ಯೂ ಸೈಟು, ಎಲ್ಲಾ ಜಿಪಿಎ ಮತ್ತೆ ಅಫಿಡವಿಟ್ಟು. 2011ರಲ್ಲಿ ಸುಪ್ರೀಂ ಕೋರ್ಟು ಜಿಪಿಎ ಮೇಲಿನ ಮಾರಾಟಕ್ಕೆ ಹಕ್ಕು ಬರಲ್ಲ ಅಂದಾಗ ನಮ್ಮ ಬೀದೀಲಿ ಒಂದು ವಾರ ಯಾರ ಮನೇಲೂ ನೆಟ್ಟಗೆ ಅಡುಗೆ ಆಗ್ಲಿಲ್ಲ.

ಸಂಜೆ ಶಿಫ್ಟು

ಒಂದು ಅರ್ಥ ಆಗ್ಲಿಲ್ಲ, ಜೀವಾವಧಿ ಅಂದ್ರೆ 14 ವರ್ಷ ಅಲ್ವಾ? ಅವನು 94ರಿಂದ ಒಳಗಿದಾನೆ, ಇನ್ನೂ ಯಾಕೆ ಬಿಟ್ಟಿಲ್ಲ

ವಕೀಲಮ್ಮ

ಸಿನಿಮಾದವರು ಕಲಿಸಿದ ಪಾಠ ಇದು. ಜೀವಾವಧಿ ಅಂದ್ರೆ ಜೀವ ಇರೋವರೆಗೆ. 14 ವರ್ಷ ಅನ್ನೋದು, ದೊಡ್ಡ ಅಪರಾಧಗಳಲ್ಲಿ ಸರ್ಕಾರ ಶಿಕ್ಷೆ ಕಡಿಮೆ ಮಾಡ್ಬೇಕಂದ್ರೂ ಕನಿಷ್ಠ ಅಷ್ಟು ಒಳಗಿರ್ಲೇಬೇಕು ಅನ್ನೋ ನಿಯಮ. ಅದೇ ಜನರ ಬಾಯಲ್ಲಿ ‘14 ವರ್ಷಕ್ಕೆ ಬಿಡ್ತಾರೆ’ ಅಂತ ಆಗಿದೆ.

ಈ ಕೇಸು ಕಾನೂನು ಪುಸ್ತಕಕ್ಕೆ ಸೇರಿದ್ದೇ ಅದರಿಂದ. 2005ರಲ್ಲಿ ಬೆಂಗಳೂರು ಸೆಷನ್ಸ್ ಕೋರ್ಟು ಗಲ್ಲು ಅಂತು, ಅದೇ ವರ್ಷ ಹೈಕೋರ್ಟೂ ಹೂಂ ಅಂತು. 2007ರಲ್ಲಿ ಸುಪ್ರೀಂ ಕೋರ್ಟಲ್ಲಿ ಇಬ್ಬರು ನ್ಯಾಯಮೂರ್ತಿಗಳು, ಇಬ್ಬರದೂ ಬೇರೆ ಬೇರೆ ಅಭಿಪ್ರಾಯ: ಎಸ್.ಬಿ. ಸಿನ್ಹಾ ಅವರು ಗಲ್ಲು ಬೇಡ ಅಂದ್ರು, ಮಾರ್ಕಂಡೇಯ ಕಾಟ್ಜು ಅವರು ಗಲ್ಲೇ ಸರಿ ಅಂದ್ರು. ಹಾಗಾಗಿ ಮೂವರ ಪೀಠಕ್ಕೆ ಹೋಯ್ತು. 2008ರ ಜುಲೈ 22ಕ್ಕೆ ತೀರ್ಪು. ಗಲ್ಲಿಗೆ ಮನಸ್ಸು ಒಪ್ತಿಲ್ಲ, ಆದ್ರೆ ಮಾಮೂಲಿ ಜೀವಾವಧಿ ಕೊಟ್ರೆ 14 ವರ್ಷಕ್ಕೆ ಹೊರಗೆ ಬರ್ತಾನೆ, ಅದು ಈ ಅಪರಾಧಕ್ಕೆ ಏನೇನೂ ಸಾಲದು. ಅದಕ್ಕೆ ನಡುವೆ ಒಂದು ಹೊಸ ದಾರಿ ಮಾಡಿದ್ರು: ಸಾಯೋವರೆಗೂ ಬಿಡುಗಡೆ ಇಲ್ಲ, ಶಿಕ್ಷೆ ಕಡಿತಾನೂ ಇಲ್ಲ. ಇದು ಸರಿನಾ ಅಂತ ಆಮೇಲೆ ಬಹಳ ಗಲಾಟೆ ಆಯ್ತು, 2015ರಲ್ಲಿ ರಾಜೀವ್ ಗಾಂಧಿ ಹತ್ಯೆ ಕೇಸಿನ ಅಪರಾಧಿಗಳ ವಿಚಾರದಲ್ಲಿ ಐವರ ಸಂವಿಧಾನ ಪೀಠ ಬಹುಮತದಿಂದ ಎತ್ತಿಹಿಡೀತು. ಇವತ್ತು ದೇಶದಲ್ಲಿ ಯಾರಿಗಾದ್ರೂ ‘25 ವರ್ಷ ಬಿಡಂಗಿಲ್ಲ’, ‘30 ವರ್ಷ ಬಿಡಂಗಿಲ್ಲ’ ಅಂತ ಶಿಕ್ಷೆ ಆಗಿದೆ ಅಂದ್ರೆ ಅದರ ಬೇರು ರಿಚ್‌ಮಂಡ್ ರೋಡಿನ ಆ ಅಂಗಳದಲ್ಲಿದೆ.

ಮಲ್ನಾಡ್ ಮಾಣಿ

ಈ ತಮಾಷೆ ಕೇಳಿ. ಅದೇ ರಾಜೀವ್ ಕೇಸಿನವರನ್ನ 2022ರಲ್ಲಿ ಬಿಟ್ರಲ್ಲ, ‘ಅವರನ್ನ ಬಿಟ್ರಿ, ನನ್ನನ್ನೂ ಬಿಡಿ’ ಅಂತ ಇವನೂ ಅರ್ಜಿ ಹಾಕಿದ್ದ. 2024ರಲ್ಲಿ ಆಗಲ್ಲ ಹೋಗು ಅಂದ್ರು. ಈಗ ಮಧ್ಯಪ್ರದೇಶದ ಸಾಗರ ಜೈಲಲ್ಲಿದಾನೆ, ವಯಸ್ಸು 80 ದಾಟಿದೆ.

ಫ್ರೀಮಾಂಟ್ ಕನ್ನಡತಿ

ಸಾಗರ ಅಂದ ತಕ್ಷಣ ನಮ್ಮ ಶಿವಮೊಗ್ಗದ ಸಾಗರ ಅಂದ್ಕೊಂಡು ಒಂದು ಕ್ಷಣ ಗಾಬರಿ ಆಯ್ತು, ನಮ್ಮತ್ತೆ ಮನೆ ಅಲ್ಲೇ!

ಮಲ್ನಾಡ್ ಮಾಣಿ

ನಮ್ಮ ಸಾಗರಕ್ಕೆ ಆ ಕಷ್ಟ ಬೇಡಪ್ಪ, ಮಾರಿಜಾತ್ರೆ ಟ್ರಾಫಿಕ್ಕೇ ಸಾಕು.

ತರಲೆ ತಿಮ್ಮ

ನಾನು ಬೇರೆ ಮಾತು ಹೇಳ್ತೀನಿ, ಎಲ್ಲ ಸೇರಿ ಹೊಡೀರಿ. ಅವನ ಕಡೆ ಮಾತು ಕೇಳ್ಸಿದ್ರಲ್ಲಿ ತಪ್ಪೇನು? 30 ವರ್ಷದ ಮೇಲೆ ಒಳಗಿದಾನೆ, ಪರೋಲೂ ಸಿಕ್ಕಿಲ್ಲ ಅಂತಾನೆ. ಒಬ್ಬ ಮನುಷ್ಯನ್ನ ಸಾಯೋವರೆಗೂ ಗೋಡೆ ಮಧ್ಯೆ ಇಡ್ತೀವಿ ಅಂತ ತೀರ್ಮಾನ ಮಾಡಿದ್ಮೇಲೆ ಅವನು ಏನಂತಾನೆ ಕೇಳೋಕೆ ನಮಗೆ ಯಾಕೆ ಭಯ. ಸುಳ್ಳಾದ್ರೆ ಸುಳ್ಳು ಅಂತ ಗೊತ್ತಾಗತ್ತೆ. ನನಗಂತೂ ಅವನ ಮುಖ ನೋಡಿದ್ಮೇಲೇ ಇವನೇ ಮಾಡಿದಾನೆ ಅಂತ ಇನ್ನೂ ಗಟ್ಟಿಯಾಯ್ತು.

ಕಾಫಿಪುಡಿ

@ತರಲೆ ತಿಮ್ಮ ಹೊಡಿಯಲ್ಲ, ನಿಮ್ಮ ಮಾತಲ್ಲಿ ಅರ್ಥ ಇದೆ. ಕೇಳ್ಸಿ, ಬೇಡ ಅನ್ನಲ್ಲ. ಆದ್ರೆ ಅವನು ಕೊಂದಿಲ್ಲ ಅಂದಾಗ, ಹಾಗಾದ್ರೆ ಪೆಟ್ಟಿಗೆ ಮೊದಲೇ ಯಾಕೆ ಮಾಡಿಸಿದ್ದೆ ಮಹರಾಯ ಅಂತ ಪಟ್ಟು ಹಿಡಿದು ಕೇಳೋದಲ್ವಾ ಕೆಲಸ? ಗುಂಡಿ ಮೊದಲೇ ಯಾಕೆ ತೋಡ್ಸಿದೆ? ಗೋಡೆ ಯಾಕೆ ಒಡೆಸಿದೆ? ಹಿನ್ನೆಲೆಗೆ ಪಿಟೀಲು ಹಾಕಿ ಅವನ ಕಣ್ಣು ಕ್ಲೋಸಪ್ಪಲ್ಲಿ ತೋರ್ಸಿದ್ರೆ ನೋಡೋರಿಗೆ ‘ಪಾಪ ಇರಬಹುದೇನೋ’ ಅನ್ಸತ್ತೆ. ನಮ್ಮಮ್ಮಂಗೆ ಸಿಟ್ಟು ಬಂದಿದ್ದು ಅದಕ್ಕೇ. ಮಾತಾಡೋಕೆ ಅವನಾದ್ರೂ ಇದಾನೆ, ಅವರಿಲ್ಲ.

ವಕೀಲಮ್ಮ

ಪೆಟ್ಟಿಗೆ ಮಾಡಿದ ಬಡಗಿ, ಗುಂಡಿ ತೋಡಿದವರು, ಕಲ್ಲು ಹಾಸಿದವರು, ಇವರೆಲ್ಲ ಕೋರ್ಟಲ್ಲಿ ಸಾಕ್ಷಿ ಹೇಳಿದ್ದಾರೆ. ಹೊರಗೆ ತೆಗೆಯುವಾಗ ವಿಡಿಯೋ ಮಾಡಿದ್ರು, ಅದೂ ಸಾಕ್ಷ್ಯ ಆಯ್ತು, ಡಿಎನ್‌ಎ ಪರೀಕ್ಷೆನೂ ಆಯ್ತು. 94ರಲ್ಲಿ ನಮ್ಮಲ್ಲಿ ಅದೆಲ್ಲ ಇನ್ನೂ ಹೊಸದು. ಮೈಮೇಲಿದ್ದ ಒಡವೆ ನೋಡಿ ಗುರುತು ಹಿಡಿದಿದ್ದು ಅವರ ತಾಯಿ. ಆ ತಾಯಿ ವಿಷಯ ಯಾರೂ ಮಾತಾಡಲ್ಲ.

ನಿವೃತ್ತ ಗುಮಾಸ್ತ

ನಿಜ. ಆ ವಯಸ್ಸಿನಲ್ಲಿ ಮಗಳ ಬಳೆ ಗುರುತು ಹಿಡಿಯುವ ಕೆಲಸ ಶತ್ರುವಿಗೂ ಬೇಡ.

ಗರಂ ಬನ್

ಹಳೇ ಬಂಗಲೆ ಈಗಿಲ್ಲ ಅಲ್ವಾ? ಆ ಕಡೆ ದೆವ್ವ ಇದೆ ಅಂತ ನಮ್ಮ ಕಾಲೇಜಲ್ಲಿ ಹುಡುಗ್ರು ಹೇಳ್ತಿದ್ರು. ಒಂದ್ಸಲ ರಾತ್ರಿ 11 ಗಂಟೆಗೆ ನಾಲ್ಕು ಜನ ಎರಡು ಬೈಕಲ್ಲಿ ನೋಡೋಕೆ ಹೋದ್ವಿ. ದೆವ್ವ ಸಿಗ್ಲಿಲ್ಲ, ಟ್ರಾಫಿಕ್ ಪೊಲೀಸು ಸಿಕ್ರು, ಹೆಲ್ಮೆಟ್ ಇಲ್ಲ ಅಂತ ದಂಡ ಕಟ್ಟಿ ಜಾನ್ಸನ್ ಮಾರ್ಕೆಟ್‌ನಲ್ಲಿ ರೋಲ್ ತಿಂದು ವಾಪಸ್ ಬಂದ್ವಿ.

ಬಸವನಗುಡಿ ಬೋರೇಗೌಡ

ಜಾನ್ಸನ್ ಮಾರ್ಕೆಟ್ ರೋಲು ಅಂದ್ರೆ ಫಾನೂಸ್ ತಾನೆ. ಜಂಬೋ ತಿಂದಿದ್ರಾ?

ಗರಂ ಬನ್

ದಂಡ ಕಟ್ಟಿದ್ಮೇಲೆ ಜಂಬೋಗೆ ದುಡ್ಡೆಲ್ಲಿ ಗುರು. ಚಿಕ್ಕದೇ ತಗೊಂಡು ಇಬ್ಬಿಬ್ಬರು ಹಂಚ್ಕೊಂಡ್ವಿ.

ಹುಣಸೆಮರ

ಒಬ್ಬ ಹೆಂಗಸನ್ನ ಹೂತ ಜಾಗಕ್ಕೆ ನೈಟ್‌ಔಟು ಹೋಗಿದ್ದು ಸಾಲದು ಅಂತ ಇಲ್ಲಿ ರೋಲ್ ಸೈಜು ಮಾತಾಡ್ತಿದೀರ. ದೆವ್ವ ಅಂತೆ. ಅಲ್ಲಿ ಇದ್ದ ದೆವ್ವ ಮೂರು ವರ್ಷ ಪಾರ್ಟಿ ಕೊಟ್ಕೊಂಡಿತ್ತು, ಊರಿನ ದೊಡ್ಡೋರೆಲ್ಲ ಹೋಗಿ ಉಂಡು ಬಂದ್ರು.

ಗರಂ ಬನ್

ಸಾರಿ ಅಕ್ಕ. ಆಗ 19 ವರ್ಷ, ಬುದ್ಧಿ ಇರ್ಲಿಲ್ಲ.

ಮಂಗ್ಳೂರು ಬಂಗುಡೆ

ಆ ಪಾರ್ಟಿಗೆ ಹೋದವರು ಈಗ ಎಂತ ಗ್ರಹಿಸ್ತಾರೋ. ಆ ಕಲ್ಲಿನ ಮೇಲೆ ಕುರ್ಚಿ ಹಾಕಿ ಕೂತಿರ್ತಾರೆ, ಊಟ ಮಾಡಿರ್ತಾರೆ. ‘ಮೇಡಂ ಎಲ್ಲಿ?’ ‘ಫಾರಿನ್ನಿಗೆ ಹೋಗಿದ್ದಾರೆ.’ ‘ಹೌದಾ ಒಳ್ಳೇದಾಯ್ತು.’ ಅಷ್ಟೇ ಮಾತು ಮುಗೀತು. ಬಡವರ ಮನೆಯ ಹೆಂಗಸು ನಾಲ್ಕು ದಿನ ನಲ್ಲಿ ಹತ್ರ ಕಾಣದಿದ್ರೆ ಇಡೀ ಕೇರಿ ಕೇಳ್ತದೆ ಮಾರಾಯ್ರೆ. ಇವರಿಗೆ ಕಾಂಪೌಂಡ್ ಎತ್ತರ ಇತ್ತು, ಅದೇ ಬಂದ ಕಷ್ಟ.

ಧಾರವಾಡ ಫೇಡೆ

ಬಂಗುಡೆ ಅಕ್ಕಾರ, ಇದು ಮಾತು ಅಂದ್ರ. ನಮ್ಮ ಓಣ್ಯಾಗ ನಮ್ಮವ್ವ ಒಂದ ದಿನ ಕಟ್ಟಿ ಮ್ಯಾಲ ಕೂಡಲಿಲ್ಲ ಅಂದ್ರ ಆರು ಮಂದಿ ಬಂದು ‘ಯಾಕವಾ ಆರಾಮಿಲ್ಲೇನು’ ಅಂತ ಕೇಳ್ತಾರ. ಮೊದಲ ಬೇಜಾರ ಬರ್ತಿತ್ತು, ಇನ್ನ ಮ್ಯಾಲ ಚಾ ಮಾಡಿ ಕೊಡ್ತೀನಿ.

ಮತ್ತ ಉಳಿದ ಅರ್ಧಾನೂ ವಾಪಸ್ ತಗೊಂಡೀನಿ ಅಂತ ಬರ್ಕೋರಿ.

ತರಲೆ ತಿಮ್ಮ

ಬಡವರ ಮನೇಲೂ ಹೂತಾಕ್ತಾರೆ ಅಕ್ಕ, ಅದರ ಡಾಕ್ಯುಮೆಂಟರಿ ಯಾರೂ ಮಾಡಲ್ಲ. ದಿವಾನರ ಮೊಮ್ಮಗಳು ಅಂತ ಇಲ್ದೇ ಇದ್ದಿದ್ರೆ ನಾವೂ ಇಲ್ಲಿ ಇಷ್ಟು ಬರೀತಿರ್ಲಿಲ್ಲ.

ಹುಣಸೆಮರ

ಇದಕ್ಕೆ ನನ್ನ ಹತ್ರ ಉತ್ತರ ಇಲ್ಲ ತಿಮ್ಮಣ್ಣ.

ಸಂಜೆ ಶಿಫ್ಟು

ಎಲ್ಲ ಓದಿದ್ಮೇಲೆ ನೋಡ್ಬೇಕಾ ಬೇಡ್ವಾ ಅಂತ ಒಂದು ಮಾತಲ್ಲಿ ಹೇಳಿ

ಕಾಫಿಪುಡಿ

ಮೊದಲೆರಡು ಎಪಿಸೋಡ್ ನೋಡಿ. ಆಮೇಲೆ ಬೇಕಾದ್ರೆ 2008ರ ತೀರ್ಪು ಓದಿ, ಶುರುವಿನ ಹತ್ತು ಪುಟ ಸಾಕು, ಸರಳ ಇಂಗ್ಲಿಷು, ಡ್ರೋನೂ ಇಲ್ಲ ಪಿಟೀಲೂ ಇಲ್ಲ.

ಸೈಟು ಸಂಕಟ

ನಾನು ಮತ್ತೆ ಬಂದೆ. ಎಪಿಸೋಡ್ ಇನ್ನೂ ಮುಗ್ಸಿಲ್ಲ, ಎರಡು ದಿನದಿಂದ ಅದರ ಕಡೆ ತಲೆ ಹೋಗಿಲ್ಲ. ಆನ್‌ಲೈನಲ್ಲಿ ಇಸಿಗೆ ಅರ್ಜಿ ಹಾಕಿದ್ದೆ, ಇವತ್ತು ಬಂತು. ಅಜ್ಜಿ ಹೋಗಿದ್ದು 2019ರ ಆಗಸ್ಟ್ 9, ವರಮಹಾಲಕ್ಷ್ಮಿ ಹಬ್ಬದ ದಿನ, ಅದಕ್ಕೇ ಎಲ್ಲರಿಗೂ ನೆನಪಿದೆ. ಕ್ರಯಪತ್ರದ ತಾರೀಖು ಅದೇ ವರ್ಷ ನವೆಂಬರ್. ಕೊಟ್ಟವರ ಹೆಸರಲ್ಲಿ ಅಜ್ಜಿ ಹೆಸರು ಹಾಗೇ ಇದೆ, ಪರವಾಗಿ ಚಿಕ್ಕಪ್ಪ. ಪ್ರಿಂಟ್ ತೆಗೆದು ಅಪ್ಪನ ಮುಂದೆ ಇಟ್ಟೆ. ಅಪ್ಪ ಕನ್ನಡಕ ಹಾಕ್ಕೊಂಡು ಎರಡು ಸಲ ಓದಿದ್ರು, ಮಡಿಸಿ ಜೇಬಲ್ಲಿ ಇಟ್ಕೊಂಡ್ರು, ಏನೂ ಮಾತಾಡ್ಲಿಲ್ಲ. ಈಗ ಹಾಲಲ್ಲಿ ಲೈಟ್ ಹಾಕ್ಕೊಂಡು ಕೂತಿದಾರೆ.

ವಕೀಲಮ್ಮ

ಇವತ್ತು ರಾತ್ರಿ ಅವರನ್ನ ಏನೂ ಕೇಳ್ಬೇಡಿ. ಜಿಪಿಎ ನಕಲು ಸಿಕ್ಕಿದ್ರೆ ನಾಳೆ ನೋಡಿ.